ಕೇಂಬ್ರಿಜ್: ಬಿತ್ತಿದವರು ಯಾರು, ರಾಶಿ ಹೊತ್ತವರು ಯಾರು?

ಜೀವವಿಜ್ಞಾನದ ನಗರ ಕಟ್ಟಬೇಕೆಂಬ ಮಾತು ಬಂದಾಗಲೆಲ್ಲ ದೊಡ್ಡವರು ಬೆರಳು ತೋರಿಸುವುದು ಇಂಗ್ಲೆಂಡಿನ ಕೇಂಬ್ರಿಜ್ ಕಡೆಗೆ. ಒಂದೂವರೆ ಲಕ್ಷ ಜನವೂ ಇಲ್ಲದ ಊರದು; ನಮ್ಮ ಎಷ್ಟೋ ಜಿಲ್ಲಾ ಕೇಂದ್ರಗಳಿಗಿಂತ ಚಿಕ್ಕದು. ಆದರೆ 1209ರಿಂದ ಅಲ್ಲಿ ವಿಶ್ವವಿದ್ಯಾನಿಲಯವಿದೆ. 1953ರಲ್ಲಿ ಡಿಎನ್‌ಎಯ ರಚನೆಯನ್ನು ಬಿಡಿಸಿ ಹೇಳಿದ್ದು ಅಲ್ಲಿಯೇ. ಈಗ ಊರಿನ ಸುತ್ತ ಔಷಧ ಕಂಪನಿಗಳು, ಸಂಶೋಧನಾಲಯಗಳು, ಹಣ ಹೂಡುವವರ ಕಚೇರಿಗಳು ಮುತ್ತಿಕೊಂಡಿವೆ. ವಿದ್ಯೆ ಇದ್ದಲ್ಲಿಗೆ ಬಂಡವಾಳ ಹರಿದು ಬರುತ್ತದೆ, ಬಂಡವಾಳ ಬಂದಲ್ಲಿ ಔಷಧ ಹುಟ್ಟುತ್ತದೆ, ಔಷಧ ಹುಟ್ಟಿದರೆ ಜನರ ರೋಗ ವಾಸಿಯಾಗುತ್ತದೆ ಎಂಬುದು ಈ ದೊಡ್ಡವರು ನಮಗೆ ಒಪ್ಪಿಸುವ ಪಾಠ. ಮೊದಲನೆಯ ಎರಡು ಮಾತುಗಳನ್ನು ಸದ್ಯಕ್ಕೆ ಒಪ್ಪೋಣ. ಮೂರನೆಯದನ್ನು ಲೆಕ್ಕ ಹಾಕಿ ನೋಡಬೇಕಾಗಿದೆ.

ಲೆಕ್ಕ ಎಂದ ಮೇಲೆ ಕಿರ್ದಿಯ ಮೊದಲ ಪುಟದಿಂದಲೇ ಹಿಡಿಯಬೇಕು. ಅಸಲು ಯಾರದು?

1911ರಲ್ಲಿ ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ವಿಮಾ ಕಾಯಿದೆ ಬಂತು. ಕೆಲಸಗಾರ ವಾರಕ್ಕೆ ನಾಲ್ಕು ಪೆನ್ನಿ, ಮಾಲೀಕ ಮೂರು ಪೆನ್ನಿ, ಸರಕಾರ ಎರಡು ಪೆನ್ನಿ ಹಾಕಿ ಕಾಯಿಲೆಯ ಕಾಲಕ್ಕೆ ಒಂದು ನಿಧಿ ಮಾಡುವುದು ಅದರ ಏರ್ಪಾಡು. ನಮ್ಮ ಇಎಸ್‌ಐ ಚಂದಾದ ಅಣ್ಣನೆಂದು ತಿಳಿಯಿರಿ. ಆ ಕಾಲದಲ್ಲಿ ಮಿಲ್ಲಿನವರನ್ನೂ ಗಣಿಯವರನ್ನೂ ಕ್ಷಯರೋಗ ತಿಂದುಹಾಕುತ್ತಿತ್ತು. ಆದುದರಿಂದ ವಿಮೆಯಾದ ಒಬ್ಬೊಬ್ಬ ಕೆಲಸಗಾರನ ತಲೆಗೆ ವರ್ಷಕ್ಕೆ ಒಂದು ಪೆನ್ನಿಯಂತೆ ಸಾರ್ವಜನಿಕ ಹಣವನ್ನು ವೈದ್ಯಕೀಯ ಸಂಶೋಧನೆಗೆಂದು ತೆಗೆದಿಡಲು ಅದೇ ಕಾಯಿದೆಯಲ್ಲಿ ಅವಕಾಶ ಮಾಡಿದರು. ಆ ಪೆನ್ನಿಗಳಿಂದ 1913ರಲ್ಲಿ ಹುಟ್ಟಿದ್ದೇ ಇಂದಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್. ಆ ಕೌನ್ಸಿಲು 1947ರಲ್ಲಿ ಕೇಂಬ್ರಿಜ್‌ನಲ್ಲಿ ಒಂದು ಚಿಕ್ಕ ಸಂಶೋಧನಾ ಘಟಕಕ್ಕೆ ಹಣ ಕೊಟ್ಟಿತು. ಅದೇ ಬೆಳೆದು 1962ರಲ್ಲಿ ಸ್ವಂತ ಕಟ್ಟಡಕ್ಕೆ ಬಂದ ಅಣುಜೀವಶಾಸ್ತ್ರ ಪ್ರಯೋಗಾಲಯ. ನೊಬೆಲ್ ಬಹುಮಾನಗಳು ಈ ಒಂದು ಮನೆಗೆ ಹತ್ತಕ್ಕೂ ಮೇಲ್ಪಟ್ಟು ಬಂದಿವೆ.

ಹೀಗೆ ಯಾವ ಸಾಹುಕಾರನ ಹಣದಿಂದಲೂ ಹುಟ್ಟದ ಮನೆಯಲ್ಲಿ 1975ರಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಮಾಡಿದವರು ಇಬ್ಬರು. ಸೀಸರ್ ಮಿಲ್‌ಸ್ಟೈನ್ ಅರ್ಜೆಂಟೀನದವರು. ಅಲ್ಲಿನ ಸೈನಿಕ ದಂಗೆಯ ನಂತರ ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆದಾಗ ತಾವೂ ಹುದ್ದೆ ಬಿಟ್ಟು 1963ರಲ್ಲಿ ಕೇಂಬ್ರಿಜ್‌ಗೆ ಬಂದವರು. ಜಾರ್ಜ್ ಕೋಲರ್ ಜರ್ಮನಿಯ ತರುಣ.

ಅವರು ಮಾಡಿದ್ದನ್ನು ಸ್ವಲ್ಪ ವಿವರಿಸುತ್ತೇನೆ. ಪಾಠ ಹೇಳಿದ ಚಾಳಿ ಬೇಗ ಬಿಡುವುದಿಲ್ಲ. ನಮ್ಮ ಮೈಯೊಳಗೆ ರೋಗಾಣು ಹೊಕ್ಕರೆ ರಕ್ತದ ಕೆಲವು ಕೋಶಗಳು ಅದಕ್ಕೆ ಎದುರಾಗಿ ಪ್ರತಿಕಾಯ ಎಂಬ ವಸ್ತುವನ್ನು ತಯಾರಿಸುತ್ತವೆ. ಒಂದೊಂದು ಬೀಗಕ್ಕೆ ಒಂದೊಂದು ಕೀಲಿಯಂತೆ ಒಂದೊಂದು ಗುರಿಗೆ ಒಂದೊಂದು ಪ್ರತಿಕಾಯ. ಬೇಕಾದ ಒಂದೇ ಕೀಲಿಯನ್ನು ಬೇಕಾದಷ್ಟು ತಯಾರಿಸಿಕೊಳ್ಳಲು ಸಾಧ್ಯವಾದರೆ ಅದೇ ಔಷಧವಾದೀತು. ತೊಂದರೆ ಏನೆಂದರೆ, ಆ ಕೋಶವನ್ನು ಮೈಯಿಂದ ಹೊರಗೆ ತೆಗೆದರೆ ಅದು ಬೇಗ ಸಾಯುತ್ತದೆ. ಕ್ಯಾನ್ಸರ್ ಕೋಶವಾದರೋ ಸಾಯುವುದೇ ಇಲ್ಲ, ಆದರೆ ನಮಗೆ ಬೇಕಾದ ಕೀಲಿ ಅದರಲ್ಲಿಲ್ಲ. ಇವರು ಇಲಿಯ ಕೋಶಗಳಲ್ಲಿ ಈ ಎರಡನ್ನೂ ಬೆಸೆದು ಒಂದು ಮಾಡಿದರು. ಬೆಸೆದ ಕೋಶ ಸಾಯಲೂ ಇಲ್ಲ, ಒಂದೇ ನಮೂನೆಯ ಪ್ರತಿಕಾಯ ತಯಾರಿಸುವುದನ್ನು ನಿಲ್ಲಿಸಲೂ ಇಲ್ಲ; ನೂಲು ಮುಗಿಯದ ಮಗ್ಗದಂತೆ. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ವಿಧಾನಕ್ಕೆ ಪೇಟೆಂಟು ತೆಗೆಯಲಿಲ್ಲ. ಪೇಟೆಂಟು ಎಂದರೆ, ಈ ರೀತಿಯ ಗಾಣವನ್ನು ಇಪ್ಪತ್ತು ವರ್ಷ ನನ್ನ ಅಪ್ಪಣೆಯಿಲ್ಲದೆ ಬೇರಾರೂ ಹೂಡಕೂಡದು ಎಂದು ಸರಕಾರ ಬರೆದುಕೊಡುವ ಹಕ್ಕು. ಕೌನ್ಸಿಲಿನವರು ಇದನ್ನು ನೋಡಿಕೊಳ್ಳಬೇಕಾದ ಸರಕಾರಿ ನಿಗಮಕ್ಕೆ ತಿಳಿಸಿದರು. 1976ರಲ್ಲಿ ನಿಗಮದಿಂದ ಬಂದ ಉತ್ತರವೆಂದರೆ, ಇದರಿಂದ ತಕ್ಷಣಕ್ಕೆ ಯಾವ ಉಪಯೋಗವೂ ಕಾಣುವುದಿಲ್ಲ ಎಂದು! ಗುಮಾಸ್ತೆಗಿರಿ ಎಲ್ಲ ದೇಶದಲ್ಲಿಯೂ ಒಂದೇ. ಮಿಲ್‌ಸ್ಟೈನ್ ಮಾತ್ರ ಕೇಳಿದ ವಿಜ್ಞಾನಿಗಳಿಗೆಲ್ಲ ತಮ್ಮ ಕೋಶಗಳನ್ನು ಕೊಡುತ್ತ ಹೋದರು. ಹಾಗೆ ಕೊಟ್ಟ ಕೋಶಗಳನ್ನೇ ಬಳಸಿಕೊಂಡ ಅಮೆರಿಕದ ಒಂದು ಸಂಸ್ಥೆಯವರು ಸ್ವಲ್ಪ ಕಾಲದಲ್ಲಿಯೇ ತಮ್ಮ ಹೆಸರಿಗೆ ಪೇಟೆಂಟು ಮಾಡಿಸಿಕೊಂಡರು. ಆಗ ಲಂಡನ್ನಿನಲ್ಲಿ ಗಲಾಟೆ ಎದ್ದಿತು: ಅಯ್ಯೋ, ನಮ್ಮ ದೇಶದ ಸಂಪತ್ತು ಕೈಬಿಟ್ಟು ಹೋಯಿತು ಎಂದು.

ಆ ಗಲಾಟೆಯಿಂದ ಇಂಗ್ಲೆಂಡಿನ ಸರಕಾರ ಕಲಿತ ಪಾಠ, ಇನ್ನು ಮುಂದೆ ಕಂಡದ್ದನ್ನೆಲ್ಲ ಪೇಟೆಂಟು ಮಾಡಿ ಕಂಪನಿಗಳ ಮೂಲಕ ಮಾರಬೇಕು ಎಂಬುದು. ಜನರ ಹಣದಿಂದ ಆದದ್ದು ಜನರಿಗೆ ಯಾವ ಬೆಲೆಗೆ ತಲುಪಬೇಕು ಎಂಬ ಪ್ರಶ್ನೆ ಆ ಪಾಠದಲ್ಲಿ ಬರಲೇ ಇಲ್ಲ. ಮುಂದಿನ ಕೆಡುಕೆಲ್ಲ ಇದರಿಂದ ಎಂದು ನನ್ನ ಅಭಿಪ್ರಾಯ.

ಮುಂದೆ ಏನಾಯಿತು ನೋಡಿ. ಇಲಿಯ ಪ್ರತಿಕಾಯವನ್ನು ಮನುಷ್ಯನ ಮೈ ಪರಕೀಯವೆಂದು ತಳ್ಳಿಹಾಕುತ್ತಿತ್ತು. ಅದೇ ಪ್ರಯೋಗಾಲಯದ ಗ್ರೆಗ್ ವಿಂಟರ್ 1986ರಲ್ಲಿ, ಇಲಿಯ ಪ್ರತಿಕಾಯದಿಂದ ಗುರಿಗೆ ಅಂಟುವ ತುದಿಯನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಮನುಷ್ಯನದಾಗಿ ಮಾಡುವ ದಾರಿ ತೋರಿಸಿದರು. ಈ ಸಲ ಪೇಟೆಂಟು ತೆಗೆದರು. 1989ರಲ್ಲಿ ಕೇಂಬ್ರಿಜ್ ಆಂಟಿಬಾಡಿ ಟೆಕ್ನಾಲಜಿ ಎಂಬ ಕಂಪನಿಯೂ ಆಯಿತು. ಆ ಕಂಪನಿ, ಜರ್ಮನಿಯ ಒಂದು ಕಂಪನಿಯೊಡನೆ ಸೇರಿ ತಯಾರಿಸಿದ ಔಷಧವೇ ಹ್ಯುಮಿರಾ. ಕೈಬೆರಳುಗಳ ಗೆಣ್ಣು ಊದಿ ಸೊಟ್ಟಗಾಗುವ ಸಂಧಿವಾತಕ್ಕೆ ಅದು ನಿಜಕ್ಕೂ ಒಳ್ಳೆಯ ಔಷಧ. ಬೆರಳು ಆಡದಿದ್ದರೆ ಮಗ್ಗದವನ ಗತಿ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ವಿಂಟರ್ 2018ರಲ್ಲಿ ನೊಬೆಲ್ ಪಡೆದರು. ಅವರ ವಿದ್ವತ್ತಿನ ಮೇಲೆ ನನ್ನ ತಕರಾರು ಏನೂ ಇಲ್ಲ.

ತಕರಾರು ಇರುವುದು ಬೆಲೆಯ ಮೇಲೆ. ಜರ್ಮನಿಯ ಕಂಪನಿಯನ್ನು 2001ರಲ್ಲಿ ಅಮೆರಿಕದ ಆಬಟ್ ಕೊಂಡುಕೊಂಡಿತು. ಹ್ಯುಮಿರಾ ಅಮೆರಿಕದ ಪೇಟೆಗೆ ಬಂದ 2003ರಲ್ಲಿ ಒಂದು ಸೂಜಿಮದ್ದಿಗೆ 522 ಡಾಲರು ಇತ್ತು. 2021ರಲ್ಲಿ ಅದೇ ಸೂಜಿಮದ್ದಿಗೆ 2,984 ಡಾಲರು. ಈ ನಡುವೆ 27 ಸಲ ಬೆಲೆ ಏರಿಸಿದರೆಂದು ಅಮೆರಿಕದ ಸಂಸತ್ತಿನ ಸಮಿತಿಯೇ ಬರೆದಿಟ್ಟಿದೆ. ಔಷಧ ಬದಲಾಗಲಿಲ್ಲ, ರೋಗವೂ ಬದಲಾಗಲಿಲ್ಲ. ಅಕ್ಕಿಗೆ ಹೀಗೆ ಏರಿಸಿದ ಅಂಗಡಿಯವನ ಹಲಗೆ ಮಾರನೆಯ ದಿನ ಬೀದಿಯಲ್ಲಿ ಬಿದ್ದಿರುತ್ತಿತ್ತು. ನೂರಕ್ಕೂ ಹೆಚ್ಚು ಪೇಟೆಂಟುಗಳ ಬೇಲಿ ಹಾಕಿ ಬೇರೆಯವರು ಒಳಬರದಂತೆ ನೋಡಿಕೊಂಡದ್ದರಿಂದ ಇದೆಲ್ಲ ಸಾಧ್ಯವಾಯಿತು. ಯೂರೋಪಿನಲ್ಲಿ 2018ರ ಅಕ್ಟೋಬರಿನಲ್ಲಿಯೇ ಪ್ರತಿಸ್ಪರ್ಧಿ ಔಷಧಗಳು ಬಂದವು. ಅಮೆರಿಕದ ರೋಗಿ 2023ರವರೆಗೆ ಕಾಯಬೇಕಾಯಿತು.

ಈಗ ತವರೂರಿಗೆ ಬನ್ನಿ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳು ಈ ಒಂದು ಔಷಧಕ್ಕೆ ವರ್ಷಕ್ಕೆ 40 ಕೋಟಿ ಪೌಂಡಿಗಿಂತ ಹೆಚ್ಚು ತೆರುತ್ತಿದ್ದವು. ಪ್ರತಿಸ್ಪರ್ಧಿಗಳು ಬಂದ ಕೂಡಲೇ ಅದರಲ್ಲಿ 30 ಕೋಟಿ ಪೌಂಡು ಉಳಿಸಬಹುದೆಂದು ಅವರೇ ಸಾರಿದರು. ಅಂದರೆ ನಾಲ್ಕರಲ್ಲಿ ಮೂರು ಪಾಲು ಬರಿಯ ಏಕಸ್ವಾಮ್ಯದ ಬಾಡಿಗೆಯಾಗಿತ್ತು. ಯಾರ ಪೆನ್ನಿಯಿಂದ ಪ್ರಯೋಗಾಲಯ ಹುಟ್ಟಿತೋ ಅವರ ಮೊಮ್ಮಕ್ಕಳೇ ಈ ಬಾಡಿಗೆ ಕಟ್ಟಿದರು.

ಇದಕ್ಕೆ ಉತ್ತರವಾಗಿ ತಿಳಿದವರು ಒಂದು ಮಾತು ಹೇಳುತ್ತಾರೆ: ಕೌನ್ಸಿಲಿಗೆ ರಾಯಧನ ಬಂತಲ್ಲ, 2013ರಲ್ಲಿ ತೆರೆದ 21 ಕೋಟಿ ಪೌಂಡಿನ ಹೊಸ ಪ್ರಯೋಗಾಲಯಕ್ಕೆ ಅದರ ಒಂದು ಪಾಲು ಸಲ್ಲಲಿಲ್ಲವೇ? ಸಂದಿತು, ಸುಳ್ಳಲ್ಲ. ಆದರೆ ರಾಯಧನ ಎಂಬುದು ಮಾರಾಟದ ಮೇಲಿನ ಶೇಕಡಾವಾರು. ಬೆಲೆ ಏರಿದಷ್ಟೂ ರಾಯಧನ ಏರುತ್ತದೆ. ಜನರ ಸಂಸ್ಥೆಯೊಂದಕ್ಕೆ ಜನರ ಔಷಧ ತುಟ್ಟಿಯಾದಷ್ಟೂ ಲಾಭವೆಂಬ ಏರ್ಪಾಡು ಇದು. ಪ್ರಯೋಗಾಲಯ ಒಂದು ಕೈಯಲ್ಲಿ ಪಡೆದದ್ದನ್ನು ಆಸ್ಪತ್ರೆ ಇನ್ನೊಂದು ಕೈಯಲ್ಲಿ ಅನೇಕ ಪಟ್ಟು ಕೊಟ್ಟಿತು. ಯಾವ ವರ್ತಕ ಇದನ್ನು ಲಾಭದ ಬಾಬ್ತಿಗೆ ಬರೆದುಕೊಳ್ಳುತ್ತಾನೆ?

ಕಂಪನಿ ಬೆಳೆದು ಊರಿನಲ್ಲಾದರೂ ಉಳಿಯಿತೇ? ಕೇಂಬ್ರಿಜ್ ಆಂಟಿಬಾಡಿಯನ್ನು 2006ರಲ್ಲಿ ಸುಮಾರು 70 ಕೋಟಿ ಪೌಂಡಿಗೆ ಆಸ್ಟ್ರಾಜೆನೆಕಾ ನುಂಗಿತು. ಡಿಎನ್‌ಎ ಓದುವ ಹೊಸ ವಿಧಾನವನ್ನು ಅದೇ ವಿಶ್ವವಿದ್ಯಾನಿಲಯದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್ಮನ್ ಕಂಡುಹಿಡಿದು 1998ರಲ್ಲಿ ಕಟ್ಟಿದ ಸೊಲೆಕ್ಸಾ ಕಂಪನಿ 2007ರಲ್ಲಿ ಅಮೆರಿಕದ ಇಲ್ಯುಮಿನಾದ ಪಾಲಾಯಿತು. ಆಸ್ಟ್ರಾಜೆನೆಕಾ ನೂರು ಕೋಟಿ ಪೌಂಡಿನ ಸಂಶೋಧನಾ ಮಂದಿರವನ್ನು 2021ರಲ್ಲಿ ಕೇಂಬ್ರಿಜ್‌ನಲ್ಲಿಯೇ ತೆರೆಯಿತೆಂಬುದು ನಿಜ. ಅದೇ ಕಂಪನಿ 2025ರ ಸೆಪ್ಟೆಂಬರಿನಲ್ಲಿ, ಅಲ್ಲಿ ಹೂಡಬೇಕಾಗಿದ್ದ ಇನ್ನೂ 20 ಕೋಟಿ ಪೌಂಡನ್ನು ತಡೆಹಿಡಿಯಿತು. ಆ ವಾರವೇ ಅಮೆರಿಕದ ಮರ್ಕ್ ಕಂಪನಿ ಲಂಡನ್ನಿನ ತನ್ನ ಯೋಜನೆಯನ್ನು ಕೈಬಿಟ್ಟು, ಇಂಗ್ಲೆಂಡು ಹೊಸ ಔಷಧಗಳಿಗೆ ಸಾಕಷ್ಟು ಬೆಲೆ ಕೊಡುತ್ತಿಲ್ಲವೆಂದು ದೂರಿತು. ಡಿಸೆಂಬರಿನಲ್ಲಿ ಅಮೆರಿಕದೊಡನೆ ಆದ ಒಪ್ಪಂದದಲ್ಲಿ ಬ್ರಿಟಿಷ್ ಸರಕಾರ ಹೊಸ ಔಷಧಗಳಿಗೆ ಶೇಕಡಾ 25ರಷ್ಟು ಹೆಚ್ಚು ತೆರಲು ಒಪ್ಪಿತು. ಕೇಂದ್ರ ಕಟ್ಟಿಕೊಟ್ಟವನು ನಾಳೆ ಆ ಕೇಂದ್ರವನ್ನೇ ಮುಂದಿಟ್ಟುಕೊಂಡು ಆಸ್ಪತ್ರೆಯ ಖರ್ಚಿನ ಮೇಲೆ ಚೌಕಾಸಿ ಮಾಡುತ್ತಾನೆ. ನಮ್ಮಲ್ಲಿ ಮಾಲೀಕರು ಮಿಲ್ಲು ಮುಚ್ಚುತ್ತೇವೆಂದು ಹೆದರಿಸಿ ಕೂಲಿ ಇಳಿಸುವುದಿಲ್ಲವೇ? ಮಾತು ಬೇರೆ, ವರಸೆ ಒಂದೇ.

ಊರಿನವರ ಪಾಡನ್ನು ಎರಡೇ ಮಾತಿನಲ್ಲಿ ಹೇಳಬಹುದು. ಇಂಗ್ಲೆಂಡಿನ ನಗರಗಳಲ್ಲೆಲ್ಲ ಹೆಚ್ಚಿನ ಅಸಮಾನತೆ ಇರುವುದು ಕೇಂಬ್ರಿಜ್‌ನಲ್ಲಿ ಎಂದು ಅಲ್ಲಿನ ನಗರಗಳ ಅಧ್ಯಯನ ಮಾಡುವವರು 2018ರಲ್ಲಿ ಹೇಳಿದರು. ಪ್ರಯೋಗಾಲಯದ ನೆಲ ಒರೆಸುವವನಿಗೆ ಆ ಊರಿನ ಮನೆಬಾಡಿಗೆ ಎಟುಕುವುದಿಲ್ಲ.

ಹಾಗಾದರೆ ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೇ ಊರ ಪಕ್ಕದಲ್ಲಿಯೇ ಇತ್ತು. ಕೇಂಬ್ರಿಜ್‌ನ ದಕ್ಷಿಣಕ್ಕೆ ಹಿಂಕ್ಸ್‌ಟನ್ ಎಂಬ ಹಳ್ಳಿ. ಅಲ್ಲಿ 1993ರಲ್ಲಿ ತೆರೆದ ಸ್ಯಾಂಗರ್ ಕೇಂದ್ರದಲ್ಲಿ ಜಾನ್ ಸಲ್ಸ್‌ಟನ್ ಮತ್ತು ಅವರ ಸಂಗಡಿಗರು ಮನುಷ್ಯನ ವಂಶವಾಹಿಗಳ ಪೂರ್ಣ ಬರಹವನ್ನು ಓದುವ ಕೆಲಸಕ್ಕೆ ಕುಳಿತರು. 1996ರಲ್ಲಿ ಬರ್ಮುಡಾ ದ್ವೀಪದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿದಾಗ, ಓದಿದ್ದನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಲೋಕಕ್ಕೆಲ್ಲ ಬಿಚ್ಚಿಡಬೇಕೆಂಬ ನಿಯಮಕ್ಕೆ ಒಪ್ಪಿಕೊಂಡರು. ಎರಡು ವರ್ಷದ ಮೇಲೆ ಅಮೆರಿಕದಲ್ಲಿ ಸೆಲೆರಾ ಎಂಬ ಖಾಸಗಿ ಕಂಪನಿ ಎದ್ದು ಅದೇ ಬರಹವನ್ನು ತಾನು ಮೊದಲು ಓದಿ ಹಣಕ್ಕೆ ಕೊಡುತ್ತೇನೆ ಎಂದಿತು. ಹಿಂಕ್ಸ್‌ಟನ್ನಿನವರಿಗೆ ವೆಲ್‌ಕಮ್ ಎಂಬ ಧರ್ಮನಿಧಿ ಕೊಡುತ್ತಿದ್ದ ಹಣವನ್ನು ಹೆಚ್ಚಿಸಿತು. ಅವರು ಹಟ ಹಿಡಿದು, ಮನುಷ್ಯನ ಪೂರ್ಣ ಬರಹದಲ್ಲಿ ಮೂರರಲ್ಲೊಂದು ಪಾಲನ್ನು ತಾವೇ ಮುಗಿಸಿದರು. 2000ದ ಜೂನ್‌ನಲ್ಲಿ ಅದರ ಕರಡು ಸಿದ್ಧವೆಂದು ಸಾರಿದರು. ಇಂದು ಅದನ್ನು ಯಾವ ದೇಶದ ವಿದ್ಯಾರ್ಥಿಯೂ ಬಿಡಿಗಾಸು ಕೊಡದೆ ಓದಬಹುದು. ವಿಜ್ಞಾನ ಇದರಿಂದ ಸತ್ತುಹೋಗಲಿಲ್ಲ, ಕಂಪನಿಗಳೂ ಸಾಯಲಿಲ್ಲ.

ಎಲ್ಲವನ್ನೂ ಸುಮ್ಮನೆ ಹಂಚಿಬಿಟ್ಟರೆ ಸಾಕು ಎಂದು ನಾನು ಹೇಳುವುದಿಲ್ಲ. ಮಿಲ್‌ಸ್ಟೈನರ ಕೋಶಗಳ ಕಥೆ ಅದಕ್ಕೆ ಎಚ್ಚರಿಕೆ: ಬೇಲಿಯಿಲ್ಲದ ಹೊಲದಲ್ಲಿ ಯಾರ ಎತ್ತು ಮೇಯುತ್ತದೆಂದು ಹೇಳಲಾಗದು. ಪ್ರಯೋಗಾಲಯದ ವಿದ್ಯೆ ರೋಗಿಯ ಸೂಜಿಮದ್ದಾಗುವವರೆಗೆ ಬಹಳ ಹಣವೂ ವರ್ಷಗಳೂ ಬೇಕು, ಆ ಹಣವನ್ನು ಯಾರೋ ಹಾಕಲೇಬೇಕು. ಬೇಕಾದದ್ದು ಕರಾರು. ಪೇಟೆಂಟು ಜನರ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ. ಅದನ್ನು ಬಳಸುವ ಕಂಪನಿ ಲಾಭ ಮಾಡಲಿ. ಆದರೆ ಗರಿಷ್ಠ ಬೆಲೆ ಎಷ್ಟು, ಸರಕಾರಿ ಆಸ್ಪತ್ರೆಗೆ ಎಷ್ಟು ಎಂಬುದು ಹಣ ಕೊಡುವ ದಿನವೇ ಕಾಗದದ ಮೇಲೆ ಬರಲಿ. ಗೇಣಿಗೆ ಕೊಡುವವನು ಕೂಡ ಬಿತ್ತನೆಗೆ ಮೊದಲೇ ಪಾಲು ಮಾತಾಡಿಕೊಳ್ಳುತ್ತಾನೆ.

ಇದು ದೂರದ ಊರಿನ ಸುದ್ದಿ ಎಂದು ಮಗುಚಿಡಬೇಡಿ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಟಾಟಾರ ದತ್ತಿಯ ಜೊತೆಗೆ ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು; ಆ ಸಂಸ್ಥಾನದ ಬೊಕ್ಕಸ ತುಂಬಿದವರು ನಮ್ಮ ರೈತರೇ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಸ್ತನದ ಕ್ಯಾನ್ಸರಿಗೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧದ ತನ್ನ ನಮೂನೆಯನ್ನು ಪೇಟೆಗೆ ತಂದಿತು. ಅದೂ ವಿಂಟರ್ ತೋರಿಸಿದ ದಾರಿಯಲ್ಲಿಯೇ ಮನುಷ್ಯನದಾಗಿ ಮಾಡಿದ ಪ್ರತಿಕಾಯ. ವಿದೇಶಿ ಕಂಪನಿಯದಕ್ಕಿಂತ ಸುಮಾರು ಕಾಲು ಭಾಗ ಕಡಿಮೆಗೆ ಬಂತು, ಒಳ್ಳೆಯದೇ. ಆದರೂ ದೊಡ್ಡ ಸೀಸೆಯೊಂದಕ್ಕೆ ಆಗ 57,500 ರೂಪಾಯಿ. ಇಎಸ್‌ಐಗೆ ಸೇರುವ ಕೆಲಸಗಾರನ ಸಂಬಳದ ಮಿತಿಯೇ 2017ರಿಂದ 21,000 ರೂಪಾಯಿ. ಅವನ ಮನೆಯಲ್ಲಿ ಹೆಂಡತಿಗೆ ಈ ರೋಗ ಬಂದರೆ ಅವನು ಯಾವ ಅಂಗಡಿಯ ಮುಂದೆ ನಿಲ್ಲಬೇಕು?

ಜೈವಿಕ ತಂತ್ರಜ್ಞಾನದ ಹೊಸ ಕಂಪನಿಗಳಿಗೆ ಕೇಂದ್ರ ಸರಕಾರ 2012ರಲ್ಲಿ ಬೈರಾಕ್ ಎಂಬ ಸಂಸ್ಥೆ ಕಟ್ಟಿ ಅದರ ಮೂಲಕ ಹಣ ಕೊಡುತ್ತ ಬಂದಿದೆ. ರಾಜ್ಯ ಸರಕಾರವೂ ಬೆಂಗಳೂರಿನಲ್ಲಿ ಅವುಗಳಿಗೆ ಕಟ್ಟಡ, ಯಂತ್ರ, ಪ್ರಯೋಗಾಲಯ ಒದಗಿಸುತ್ತದೆ. ಕೊಡಲಿ, ಬೇಡವೆನ್ನುವವರು ಯಾರು? ಆದರೆ ಹಾಗೆ ಕೊಟ್ಟ ಹಣದ ಕರಾರುಪತ್ರದಲ್ಲಿ ಔಷಧದ ಬೆಲೆಯ ಬಗ್ಗೆ ಒಂದು ಸಾಲಾದರೂ ಇದೆಯೇ ಎಂದು ವಿಧಾನಸಭೆಯಲ್ಲಿ ಕೇಳಬೇಕಾದ ಕೆಲಸ ನಮ್ಮ ಪ್ರತಿನಿಧಿಗಳದು. ಅವರು ಕೇಳುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ಹತ್ತು ರೂಪಾಯಿ ಕಟ್ಟಿ ಯಾರು ಬೇಕಾದರೂ ಆ ಕರಾರುಗಳ ನಕಲು ಕೇಳಬಹುದು. ಮಿಲ್ ಕಾರ್ಮಿಕ ಸಂಘದವರೂ ಔಷಧ ಅಂಗಡಿಯ ಗೆಳೆಯರೂ ಸೇರಿ ಇಂಥದೊಂದು ಅರ್ಜಿ ಬರೆಯುವುದಾದರೆ ಬರೆದುಕೊಡಲು ನಾನು ಸಿದ್ಧನಿದ್ದೇನೆ. ಭಾನುವಾರ ಸಂಜೆ ಪಕ್ಷದ ಕಚೇರಿಯಲ್ಲಿ ಸಿಗುತ್ತೇನೆ.