ಬಾವಿಕಟ್ಟೆಯ ಕಲ್ಲು



ಕಳೆದ ಅಮಾವಾಸ್ಯೆಯಂದು ನಾವು ಆರು ಮಂದಿ, ಒಂದು ಕೊಡ, ಒಂದು ಕುಂಚ, ಒಂದು ಸುರುಳಿ ಕಾಗದ, ಸ್ವಲ್ಪ ಮಸಿ ಇವಿಷ್ಟನ್ನೇ ಸಾಧನಸಂಪತ್ತಾಗಿ ಕಟ್ಟಿಕೊಂಡು, ಕುಷ್ಟಗಿ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ನಮ್ಮ ಇತಿಹಾಸ ಮಂಡಳಿಗೆ ಸ್ವಂತ ಕಟ್ಟಡವಿಲ್ಲ, ಬಾಗಿಲಿಗೆ ಹಲಗೆಯಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಕೆಲವರು ತಿಂಗಳಿಗೊಮ್ಮೆ ಕೂಡುತ್ತೇವೆ, ಅಷ್ಟೆ. ಸಭೆ ನೆರೆದು ಗತವೈಭವವನ್ನು ಕೊಂಡಾಡಿ, ಹಾರತುರಾಯಿಗಳನ್ನು ಹಂಚಿಕೊಂಡು, ಚಹಾ ಕುಡಿದು ಮನೆ ಸೇರುವ ಸಂಪ್ರದಾಯವನ್ನು ಮೊದಲೆರಡು ವರ್ಷ ನಾವೂ ಚಾಚೂ ತಪ್ಪದೆ ನಡೆಸಿದೆವೆಂಬುದನ್ನು ಇಲ್ಲಿ ಮರೆಮಾಚಲಾರೆ.

ಆ ಹಳ್ಳಿಯ ಶಾಲೆಯಲ್ಲಿ ನಾನು ಏಳು ವರ್ಷ ಮಾಸ್ತರನಾಗಿದ್ದೆ. ಅಲ್ಲಿಯ ಬಾವಿಕಟ್ಟೆಗೆ ಹಾಸಿದ ಒಂದು ಚಪ್ಪಡಿಯ ಮೇಲೆ ನಿಂತು ದಿನಂಪ್ರತಿ ಸಂಜೆ ಕಾಲು ತೊಳೆದುಕೊಂಡು, ಅಮರಕೋಶವನ್ನು ಬಾಯಲ್ಲಿ ಗುಣಗುಣಿಸುತ್ತ ಮನೆಗೆ ಬರುತ್ತಿದ್ದೆನು. ಕಾಲಡಿಯಲ್ಲಿ ಅಕ್ಷರಗಳಿದ್ದುವೆಂಬುದನ್ನು ನಾನು ಅರಿಯದವನಲ್ಲ. ಅರಿತೂ ಬಗ್ಗಿ ನೋಡಲಿಲ್ಲ. ವಿದ್ಯೆಯೆಂಬುದು ಪುಸ್ತಕದಲ್ಲಿರುತ್ತದೆ, ಬಾವಿಯ ಬಳಿ ನೀರಿರುತ್ತದೆ ಎಂಬುದು ಆಗಿನ ನನ್ನ ಸಿದ್ಧಾಂತವಾಗಿದ್ದಿತು.

ಇಂಥ ಪಂಡಿತಮಾನಿಗಳಿಗೆ ನಮ್ಮ ಕೊಪ್ಪಳದ ಗುಡ್ಡವೇ ಒಂದು ಪಾಠಶಾಲೆ. ಗವಿಮಠದ ಗುಡ್ಡದ ಮೇಲೆಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ಅನೇಕರು ಬಲ್ಲರು. ಅವು ಬ್ರಾಹ್ಮೀ ಲಿಪಿಯಲ್ಲಿವೆ. ಭಾಷೆ ಸಂಸ್ಕೃತವಲ್ಲ, ಪ್ರಾಕೃತ. ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಮಳೆಬಿಸಿಲುಗಳಿಗೆ ಮೈಯೊಡ್ಡಿ ಕುಳಿತಿದ್ದ ಆ ಬರಹಗಳು ಬೆಳಕಿಗೆ ಬಂದುದು 1931ರಲ್ಲಿ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಗಣಿಯ ಎಂಜಿನಿಯರನು. ಚಿನ್ನವನ್ನರಸಿ ಬಂದವನಿಗೆ ಅಶೋಕನ ಹೆಸರೇ ದೊರೆಯಿತು. ಕೊಪ್ಪಳದಲ್ಲಾದರೋ ಕಂಡವರು ಇದೇ ಊರಿನ ಎನ್. ಬಿ. ಶಾಸ್ತ್ರಿಗಳು. ಮರುವರ್ಷವೇ, 1932ರಲ್ಲಿ, ಟರ್ನರ್ ಎಂಬ ವಿದ್ವಾಂಸರು ಎರಡನ್ನೂ ಪರಿಶೋಧಿಸಿ ಹೈದರಾಬಾದಿನ ಪ್ರಾಚ್ಯವಸ್ತು ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಊರವನೊಬ್ಬನ ಕಣ್ಣು ಇಲ್ಲದಿದ್ದರೆ ಆ ಪರದೇಶದ ಪಾಂಡಿತ್ಯಕ್ಕೆ ಅಲ್ಲಿ ಕೆಲಸವೆಲ್ಲಿತ್ತು?

ಆ ಶಾಸನದ ಅರ್ಥವನ್ನು ಮೊದಲ ಸಲ ಓದಿದಾಗ ನನಗೆ ಮುಖ ತಗ್ಗಿಸುವಂತಾಯಿತು. ಅಷ್ಟು ದೊಡ್ಡ ಅರಸನು, ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮೀರಿತೆಂದೂ, ಆದರೆ ಒಂದು ವರ್ಷ ತಕ್ಕಷ್ಟು ಶ್ರಮಪಡಲಿಲ್ಲವೆಂದೂ ಕಲ್ಲಿನ ಮೇಲೆ ತಾನೇ ಒಪ್ಪಿಕೊಂಡಿದ್ದಾನೆ. ಒಂದು ವರ್ಷದ ಆಲಸ್ಯವನ್ನು ಅವನು ಬಂಡೆಗೆ ಕೊರೆಯಿಸಿದನು. ಏಳು ವರ್ಷದ ಆಲಸ್ಯವನ್ನು ನಾನು ಈ ಮಾಸಪತ್ರಿಕೆಯಲ್ಲಿಯಾದರೂ ಬರೆಯದೆ ಇರುವುದು ಹೇಗೆ? ಇದರ ಫಲವು ದೊಡ್ಡವರಿಗೆ ಮಾತ್ರ ದೊರೆಯುವಂಥದಲ್ಲ, ಸಣ್ಣವನೂ ಶ್ರಮಿಸಿದರೆ ಪಡೆಯಬಲ್ಲನೆಂಬುದು ಅದರ ಮುಂದಿನ ಮಾತು.

ಸಣ್ಣವರು ಶ್ರಮಿಸಿದುದನ್ನು ನಾವು ಕಣ್ಣಾರೆ ಕಂಡೂ ಇದ್ದೇವೆ. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು, ಹೂಳು ತುಂಬಿ ಜಾಲಿ ಬೆಳೆದು ಹಳ್ಳವೆಂಬ ಹೆಸರಿಗೇ ಎರವಾಗಿದ್ದ ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಮಿಕ್ಕಿ ಸ್ವಚ್ಛಗೊಳಿಸಿದರು. ದುಡ್ಡುಳ್ಳವರು ದುಡ್ಡು ಕೊಟ್ಟರು. ಇಲ್ಲದವರು ಗುದ್ದಲಿ ಹಿಡಿದು ಬಂದರು. ಕುಷ್ಟಗಿಯ ಕಡೆಗೆ ನಿಡಶೇಸಿಯ ಕೆರೆಯ ಹೂಳನ್ನು ತೆಗೆದುದೂ ಹೀಗೆಯೇ ಊರವರು ಕೂಡಿ. ಆಗ ನಮ್ಮ ಮಂಡಳಿಯ ತರುಣನೊಬ್ಬನು, “ಸರ್, ನಾವು ಬರೀ ಕಲ್ಲು ಓದ್ತೀವಿ, ಅವರು ನೀರು ತರ್ತಾರ” ಎಂದು ಆಡಿಕೊಂಡನು. ಉತ್ತರ ತೋಚದೆ ಸುಮ್ಮನಿದ್ದೆ.

ಆ ಉತ್ತರವು ಬಾವಿಕಟ್ಟೆಯ ಮೇಲೆಯೇ ಬಿದ್ದಿದ್ದಿತೆಂದು ಕಳೆದ ತಿಂಗಳು ತಿಳಿಯಿತು. ಚಪ್ಪಡಿಯನ್ನು ತೊಳೆದು, ನೆನೆದ ಕಾಗದವನ್ನು ಹಾಸಿ, ಅದು ಅಕ್ಷರಗಳ ಕುಳಿಗಳೊಳಗೆ ಇಳಿಯುವಂತೆ ಕುಂಚದಿಂದ ಬಡಿದು, ಅರೆಬರೆ ಆರಿದ ಮೇಲೆ ಮಸಿಯನ್ನು ಒತ್ತಿದೆವು. ಮಸಿ ತಾಗದೆ ಉಳಿದ ಅಕ್ಷರಗಳು ಬಿಳುಪಾಗಿ ಎದ್ದು ಬಂದುವು. ಮೇಲೆ ಸೂರ್ಯಚಂದ್ರರು, ಕರುವಿಗೆ ಹಾಲೂಡುವ ಆಕಳು. ಕೆಳಗೆ ಹಳಗನ್ನಡದ ಹನ್ನೊಂದು ಸಾಲು. ಅವುಗಳಲ್ಲಿ ಓದಬರುವುವು ನಾಲ್ಕು. “ಬಿತ್ತುವಟ್ಟ” ಎಂಬ ಮಾತು ನಿಚ್ಚಳವಾಗಿದ್ದಿತು. ಕೆರೆಯನ್ನು ಕಾಪಾಡಿಕೊಂಡು ಬರುವವರಿಗೆಂದು ಬಿಟ್ಟ ದತ್ತಿಗೆ ಆ ಹೆಸರು. ಕಡೆಯಲ್ಲಿ, ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂಬ ವಾಡಿಕೆಯ ಶಾಪ. ಕೆರೆಯ ಹೆಸರು, ಕೊಟ್ಟವನ ಹೆಸರು, ಶಕವರ್ಷ ಇವು ಮೂರೂ ಇರಬೇಕಾದ ಸಾಲುಗಳು ನುಣ್ಣಗೆ ಸವೆದುಹೋಗಿವೆ.

ಬಟ್ಟೆ ಒಗೆಯಲು ಬಂದಿದ್ದ ಮುದುಕಿಯೊಬ್ಬಳು ನಮ್ಮ ಸಂಭ್ರಮವನ್ನು ಬಹಳ ಹೊತ್ತು ನೋಡಿ, “ಮಾಸ್ತರ, ನಮ್ಮತ್ತಿ ಕಾಲದಾಗ ಈ ಅಕ್ಷರಕ್ಕ ಸಿಕ್ಕು ಸೀರಿ ಹರೀತಿದ್ವು. ಈಗ ನುಣ್ಣಗಾಗ್ಯಾವ, ಚಲೋ ಆತು” ಎಂದಳು. ಆಕೆಯನ್ನು ದೂರುವುದು ಹೇಗೆ? ಆಕೆಯ ಮೊಮ್ಮಕ್ಕಳಿಗೆ ಓದು ಕಲಿಸಿದವನು ನಾನೇ. ಈ ಕಲ್ಲನ್ನು ಓದಿ ತೋರಿಸಲಿಲ್ಲ. ಊರ ಪಡುವಲಿಗೆ ಈಗ ಗೋಮಾಳದಂತೆ ಕಾಣುವ ತಗ್ಗೇ ಆ ಕೆರೆಯಿರಬಹುದೆಂದು ಹಿರಿಯರೊಬ್ಬರು ಹೇಳಿದರು. ಅದರ ಏರಿಯ ಮೇಲೆ ಎರಡು ಮನೆಗಳು ಆಗಲೇ ಎದ್ದಿವೆ. ಕೆರೆಯಿದ್ದಿತೆಂಬುದಕ್ಕೆ ಸದ್ಯಕ್ಕೆ ನಮ್ಮ ಕೈಯಲ್ಲಿರುವ ಸಾಕ್ಷಿಯು ನಾಲ್ಕು ಸಾಲಿನ ಆ ಕಾಗದವೊಂದೇ.

ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ ಮಹಾದೇವ ದಂಡನಾಯಕನ ಶಾಸನವು ಉಳಿದಿರುವುದರಿಂದ ಅದರ ಕೀರ್ತಿಯೂ ಉಳಿಯಿತು. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಗಂಗಾವತಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಬೃಹತ್ ಶಿಲಾ ಸಂಸ್ಕೃತಿಯ ಕಲ್ಮನೆಗಳು, ಜನ “ಮೊರೇರ ಮನೆ” ಎನ್ನುವಂಥವು, 2021ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿದುವು. ನಿಧಿಯಾಸೆಯವರು ಅವುಗಳ ಅಡಿಯನ್ನು ಅಗೆಯುವುದು ಮಾತ್ರ ಪಟ್ಟಿಗೆ ಸೇರಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಆದರೂ ಅವಕ್ಕೆ ಹೇಳುವವರು ಕೇಳುವವರು ಇದ್ದಾರೆ. ಬಾವಿಕಟ್ಟೆಯ ಕಲ್ಲಿಗೆ ಯಾರಿದ್ದಾರೆ?

ಆದುದರಿಂದ ಗೃಹಸ್ಥರಾದ ತಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹೊಸ್ತಿಲಿಗೋ ಹಿತ್ತಿಲ ಕಟ್ಟೆಗೋ ಹಾಕಿದ ಕಲ್ಲಿನಲ್ಲಿ ಬರಹ ಕಂಡರೆ, ಬಣ್ಣ ಬಳಿಯಬೇಡಿ, ಉಳಿಯಿಂದ ತಿದ್ದಬೇಡಿ, ಸಿಮೆಂಟು ಮೆತ್ತಬೇಡಿ. ಒಂದು ಛಾಯಾಚಿತ್ರ ತೆಗೆದಿಡಿ. ಮನೆಯ ಅಟ್ಟದ ಮೇಲೆ ಮೋಡಿ ಅಕ್ಷರದ ಅಥವಾ ಉರ್ದುವಿನ ಹಳೆಯ ಕಾಗದಗಳಿದ್ದರೆ, ಓದಲು ಬಾರದೆಂದು ಒಲೆಗೆ ಹಾಕಬೇಡಿ. ಓದಬಲ್ಲ ವೃದ್ಧರು ನಮ್ಮ ಸೀಮೆಯಲ್ಲಿ ಇನ್ನೂ ಕೆಲವರಿದ್ದಾರೆ.

ಊರಿನ ಪಂಚರು ಚಪ್ಪಡಿಯನ್ನು ಎಬ್ಬಿಸಿ ಶಾಲೆಯ ಅಂಗಳದಲ್ಲಿ ನಿಲ್ಲಿಸಲು ಒಪ್ಪಿದ್ದಾರೆ. ಬಟ್ಟೆ ಒಗೆಯಲು ಬೇರೊಂದು ಒಳ್ಳೆಯ ಕಲ್ಲನ್ನು ಹಾಕಿಸಿಕೊಡಬೇಕೆಂಬ ಹೆಂಗಸರ ಷರತ್ತನ್ನು ನಾವೂ ಒಪ್ಪಿಕೊಂಡೆವು. ಬರುವ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲವಾದುದರಿಂದ ಜನ ಸಿಗುತ್ತಾರೆ. ಹೊಸ ಕಲ್ಲಿನ ದುಡ್ಡನ್ನು ನಾನು ಕೊಡುತ್ತೇನೆಂದು ಹೇಳಿ ಬಂದಿದ್ದೇನೆ.