ಆಷಾಢ ಮುಗಿದ ಮೇಲೆ ರಾಜೀನಾಮೆ: ನಮ್ಮ ನಾಯಕರಿಗೆ ಜ್ಯೋತಿಷಿ ಯಾಕೆ ಬೇಕು?

ಶಿವಮೊಗ್ಗ: 2011ರ ಜುಲೈ ಕೊನೆಯ ವಾರ ಜಿಲ್ಲೆಯ ಜನಕ್ಕೆ ನೆನಪಿರಬಹುದು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ 27ರಂದು ಸರ್ಕಾರದ ಕೈ ಸೇರಿತು. ಮರುದಿನವೇ ಬಿಜೆಪಿ ಹೈಕಮಾಂಡ್, ಯಡಿಯೂರಪ್ಪ ಅವರಿಗೆ ರಾಜೀನಾಮೆ ಕೊಡಿ ಅಂತ ಹೇಳಿತು. ಅವರು ಕೊಟ್ಟಿದ್ದು 31ಕ್ಕೆ. ನಡುವೆ ಅಡ್ಡ ಬಂದಿದ್ದು ಆಷಾಢ. 30ಕ್ಕೆ ಅಮಾವಾಸ್ಯೆ, ಮರುದಿನ ಶ್ರಾವಣ. ಆಷಾಢ ಕಳೆಯದೆ ಕುರ್ಚಿ ಬಿಡಲ್ಲವಂತೆ ಎಂದು ಆಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ.

ಆದರೆ ಆ ದಿನಗಳು ಸುಮ್ಮನೆ ಕೂತು ಕಳೆದ ದಿನಗಳಲ್ಲ. ಮುಂದಿನ ಮುಖ್ಯಮಂತ್ರಿ ಯಾರು ಎಂಬ ಹಗ್ಗಜಗ್ಗಾಟ ನಡೆದೇ ಇತ್ತು. ಆಗಸ್ಟ್ 3ರಂದು ಶಾಸಕಾಂಗ ಪಕ್ಷದ ಗುಪ್ತ ಮತದಾನದಲ್ಲಿ ಯಡಿಯೂರಪ್ಪ ಬೆಂಬಲಿಸಿದ್ದ ಸದಾನಂದ ಗೌಡರು, ಜಗದೀಶ್ ಶೆಟ್ಟರ್ ಅವರನ್ನು ಸೋಲಿಸಿದರು. ಇನ್ನೆರಡು ದಿನ ಬೇಕು ಅಂತ ದೆಹಲಿಗೆ ಹೇಳಿದ್ರೆ ಅದು ಹಟ. ದಿನ ಚೆನ್ನಾಗಿಲ್ಲ ಅಂದ್ರೆ ಮರುಮಾತು ಕಡಿಮೆ. ನಂಬಿಕೆ ನಿಜವೇ ಇರಲಿ, ಕಾಲಾವಕಾಶವಂತೂ ಸಿಕ್ಕಿತು. ನಾಯಕರಿಗೆ ಜ್ಯೋತಿಷಿಯಿಂದ ಸಿಗುವ ನಿಜವಾದ ಉಪಯೋಗ ಇದೇ ಅಂತ ನಮಗೆ ಅನ್ನಿಸುತ್ತದೆ.

ಭವಿಷ್ಯ ಹೇಳುವ ಲೆಕ್ಕದಲ್ಲಿ ನೋಡಿದರೆ ಫಲಿತಾಂಶ ಅಷ್ಟಕ್ಕಷ್ಟೇ. 2007ರಲ್ಲಿ ಸಲಹೆ ಮೇರೆಗೆ ಇಂಗ್ಲಿಷ್‌ನಲ್ಲಿ ಯಡಿಯೂರಪ್ಪ ಹೆಸರಿನ ಸ್ಪೆಲ್ಲಿಂಗ್ ಬದಲಾಯಿತು. ನವೆಂಬರ್ 12ಕ್ಕೆ ಪ್ರಮಾಣ ವಚನ, 19ಕ್ಕೆ ರಾಜೀನಾಮೆ. ಅದೇ ಸ್ಪೆಲ್ಲಿಂಗ್‌ನಲ್ಲಿ 2008ರಲ್ಲಿ ಗೆದ್ದು ಮೂರು ವರ್ಷ ಆಳಿದರು. 2019ರಲ್ಲಿ ಮತ್ತೆ ಹಳೇ ಸ್ಪೆಲ್ಲಿಂಗ್. ಆ ವರ್ಷ ಜುಲೈ 26ಕ್ಕೆ ಅಧಿಕಾರ ಹಿಡಿದು, 2021ರ ಜುಲೈ 26ಕ್ಕೇ ಇಳಿದರು. ಶಿಕಾರಿಪುರದ ಮತದಾರರಿಗೆ ಇದರಿಂದ ಏನೂ ವ್ಯತ್ಯಾಸ ಆಗಲಿಲ್ಲ ಬಿಡಿ, ಅವರು ಓದೋದು ಕನ್ನಡದ ಹೆಸರು!

ಇದು ಒಬ್ಬ ನಾಯಕರ, ಒಂದು ಪಕ್ಷದ ಕಥೆಯಲ್ಲ. ಶಿವಮೊಗ್ಗ ಇರಲಿ, ಭದ್ರಾವತಿ ಇರಲಿ, ಚುನಾವಣೆ ಬಂದರೆ ಪಂಚಾಂಗಕ್ಕೆ ಬೇಡಿಕೆ. ನಾಮಪತ್ರ ಪಡೆಯೋದು ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ. ಬುಧವಾರ 12ರಿಂದ 1.30, ಗುರುವಾರ 1.30ರಿಂದ 3 ರಾಹುಕಾಲ. ಹಾಗಾಗಿ ಒಳ್ಳೆ ಗಳಿಗೆಯಲ್ಲಿ ನಾಲ್ಕೈದು ಜನ ಹೋಗಿ ಸದ್ದಿಲ್ಲದೆ ಒಂದು ಸೆಟ್, ಆಮೇಲೆ ಇನ್ನೊಂದು ದಿನ ಮೆರವಣಿಗೆ ಮಾಡಿ ಮತ್ತೊಂದು ಸೆಟ್. ಒಬ್ಬರಿಗೆ ನಾಲ್ಕು ಸೆಟ್‌ವರೆಗೆ ಅವಕಾಶ ಇದೆ. 2023ರ ಏಪ್ರಿಲ್‌ನಲ್ಲಿ ನಾಮಪತ್ರದ ಓಡಾಟ ನಡೆಯುವಾಗ, ಭದ್ರಾವತಿಯಲ್ಲಿ ವಿಐಎಸ್‌ಎಲ್ ಗುತ್ತಿಗೆ ಕಾರ್ಮಿಕರು ಕಾರ್ಖಾನೆ ಉಳಿಸಿ ಅಂತ ಧರಣಿ ಕೂತಿದ್ದರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಾರ್ಖಾನೆ ಅದು. ಮುಚ್ಚುವ ತೀರ್ಮಾನ ಆಗಿದ್ದು ಅದೇ ವರ್ಷದ ಜನವರಿಯಲ್ಲಿ.

ಹಿಂದೆ ಜ್ಯೋತಿಷಿಗಳು ಬಹಿರಂಗವಾಗಿ ಬರೆಯುತ್ತಿದ್ದರು. ಬೆಂಗಳೂರಿನ ಬಿ.ವಿ. ರಾಮನ್ (1912–1998) ತಮ್ಮ ತಾತ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಆರಂಭಿಸಿದ್ದ 'ಅಸ್ಟ್ರಲಾಜಿಕಲ್ ಮ್ಯಾಗಜೀನ್' ಅನ್ನು 1936ರಲ್ಲಿ ಮತ್ತೆ ಶುರು ಮಾಡಿ, ಆರು ದಶಕ ನಡೆಸಿದರು. ಯುದ್ಧ, ರಾಜಕೀಯದ ಬಗ್ಗೆ ಹೇಳಿದ್ದೆಲ್ಲ ಅಚ್ಚಾಗುತ್ತಿತ್ತು. ನಂಬದವರೂ ತೆಗೆದು ನೋಡಿ, ಇದು ತಪ್ಪಾಯ್ತಲ್ಲ ಸ್ವಾಮಿ ಅಂತ ಕೇಳಬಹುದಿತ್ತು. ಇವತ್ತಿನ ಸಲಹೆ ಫೋನಿನಲ್ಲಿ, ಮುಚ್ಚಿದ ಬಾಗಿಲ ಹಿಂದೆ. ಪ್ರಮಾಣ ವಚನದ ಗಳಿಗೆ ಯಾರು ಇಟ್ಟರು, ಸಂಪುಟ ವಿಸ್ತರಣೆ ಯಾಕೆ ಮುಂದಕ್ಕೆ ಹೋಯ್ತು ಎಂಬುದು ಯಾವ ಕಡತದಲ್ಲೂ ಇರೋದಿಲ್ಲ. ಐಎಎಸ್ ಅಧಿಕಾರಿ ಸಲಹೆ ಕೊಟ್ಟರೆ ಟಿಪ್ಪಣಿ ಉಳಿಯುತ್ತೆ, ಆರ್‌ಟಿಐ ಹಾಕಿ ಕೇಳಬಹುದು. ಜ್ಯೋತಿಷಿ ವಿಷಯದಲ್ಲಿ ಆ ದಾರಿಯೂ ಇಲ್ಲ.

ರಾಜ್ಯದಲ್ಲಿ ವಾಮಾಚಾರ ತಡೆ ಕಾಯ್ದೆ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಸಿದ್ದರಾಮಯ್ಯ ಸರ್ಕಾರ 2017ರಲ್ಲಿ ಮಸೂದೆಗೆ ಒಪ್ಪಿಗೆ ಪಡೆಯುವಾಗಲೇ ಜ್ಯೋತಿಷ್ಯ, ವಾಸ್ತು ಎರಡನ್ನೂ ಅದರಿಂದ ಹೊರಗಿಟ್ಟಿತ್ತು. ಕಾಯ್ದೆ ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಆಗ ಮುಖ್ಯಮಂತ್ರಿ ಆಗಿದ್ದವರು ಯಡಿಯೂರಪ್ಪ.