ಬಾಲದ ಚುಕ್ಕಿಯ ಬೆನ್ನು ಹತ್ತಿ

ಸಹೋದರಿಯರೇ, ಬಾಲವಿರುವ ಚುಕ್ಕಿ ಕಂಡರೆ ಊರಿಗೆ ಕೇಡು ಎಂಬ ಮಾತನ್ನು ನೀವೂ ಕೇಳಿರಬಹುದು. ಧೂಮಕೇತುವೆಂದರೂ ಅದೇ, ದುಮ್‌ದಾರ್ ಸಿತಾರಾ ಎಂದರೂ ಅದೇ. ಜನ ಹೆದರುವ ಆ ಚುಕ್ಕಿಗಾಗಿಯೇ ರಾತ್ರಿಯಿಡೀ ನಿದ್ದೆಗೆಟ್ಟು ಕಾಯುವವರಿದ್ದಾರೆ. ಅದಕ್ಕೆ ಸಂಬಳವಿಲ್ಲ, ಹಗಲು ಬೇರೆ ನೌಕರಿ.

ಆಸ್ಟ್ರೇಲಿಯಾದ ಟೆರ್ರಿ ಲವ್‌ಜಾಯ್ ಅಂಥವರು. ಕಂಪ್ಯೂಟರ್ ಕ್ಷೇತ್ರದ ಉದ್ಯೋಗಿ. ಕ್ವೀನ್ಸ್‌ಲ್ಯಾಂಡಿನ ತಮ್ಮ ಮನೆಯಲ್ಲೇ 20 ಸೆಂಟಿಮೀಟರ್ ಅಗಲದ ದೂರದರ್ಶಕಕ್ಕೆ ಕೆಮರಾ ಜೋಡಿಸಿಕೊಂಡಿದ್ದರು. ಆಕಾಶದ ಒಂದೇ ಭಾಗದ ಚಿತ್ರವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದು ಹೋಲಿಸಬೇಕು. ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ, ಧೂಮಕೇತು ಮಾತ್ರ ಸರಿದಿರುತ್ತದೆ. 2011ರ ನವೆಂಬರ್ 27ರ ಚಿತ್ರಗಳಲ್ಲಿ ಮಬ್ಬು ಚುಕ್ಕಿಯೊಂದು ಹಾಗೆ ಸರಿದಿತ್ತು. ಆದರೆ ಗಾಜಿನಲ್ಲಿ ಬೆಳಕು ಪ್ರತಿಫಲಿಸಿದರೂ ಇಂಥ ಕಲೆ ಮೂಡುವುದುಂಟು. ಆದ್ದರಿಂದ ಅವರು ಡಂಗುರ ಸಾರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹುಡುಕಿದರು, ಬೇರೆಯವರಿಗೂ ನೋಡಲು ಹೇಳಿದರು. ಡಿಸೆಂಬರ್ 1ರಂದು ನ್ಯೂಜಿಲ್ಯಾಂಡಿನ ಮೌಂಟ್ ಜಾನ್ ವೀಕ್ಷಣಾಲಯದವರಿಗೂ ಅದು ಕಂಡ ಮೇಲೆಯೇ ಘೋಷಣೆಯಾಯಿತು. ಕೇಳಿದ್ದನ್ನು ಮರುಗಳಿಗೆಯೇ ಪಕ್ಕದ ಮನೆಗೆ ಮುಟ್ಟಿಸುವ ನಮಗೆ ಅಷ್ಟು ದಿನದ ತಾಳ್ಮೆ ಕಷ್ಟವೇ!

ಅದು ಸೂರ್ಯನನ್ನು ಸವರಿಕೊಂಡು ಹೋಗುವ ಜಾತಿಯ ಧೂಮಕೇತು. ಮಂಜುಗಡ್ಡೆ ಮತ್ತು ಧೂಳಿನ ಮುದ್ದೆ ಸೂರ್ಯನ ಬಳಿ ಉಳಿದೀತೇ? ಇಲ್ಲವೆಂದೇ ತಜ್ಞರು ಭಾವಿಸಿದ್ದರು. ಡಿಸೆಂಬರ್ 16ರಂದು ಸೂರ್ಯನ ಮೇಲ್ಮೈಯಿಂದ ಬರೀ 1,40,000 ಕಿ.ಮೀ. ದೂರದಲ್ಲಿ ಹಾಯ್ದು ಆಚೆಯಿಂದ ಹೊರಬಂತು. ಕೆಲವೇ ದಿನಗಳಲ್ಲಿ ಅದರ ತಲೆ ಚದುರಿಹೋದರೂ ಉದ್ದನೆಯ ಬಾಲ ದಕ್ಷಿಣ ಗೋಳಾರ್ಧದವರಿಗೆ ಮುಂಜಾನೆ ಬರಿಗಣ್ಣಿಗೇ ಕಾಣುತ್ತಿತ್ತು.

ಚೆಂದದ ಚಿತ್ರ ತೆಗೆಯುವುದು ಇನ್ನೊಂದು ಸಾಹಸ. ಭೂಮಿ ತಿರುಗುವುದರಿಂದ ದೂರದರ್ಶಕವನ್ನೂ ಮೋಟಾರಿನಿಂದ ಮೆಲ್ಲನೆ ತಿರುಗಿಸುತ್ತಿರಬೇಕು. ಧೂಮಕೇತುವಿನ ನಡಿಗೆಯೋ ಅದರದ್ದೇ. ಹಾಗಾಗಿ ಚಿಕ್ಕ ಅವಧಿಯ ಹತ್ತಾರು ಚಿತ್ರಗಳನ್ನು ತೆಗೆದು, ತಲೆಯ ಮೇಲೆ ತಲೆ ಕೂರುವಂತೆ ಕಂಪ್ಯೂಟರಿನಲ್ಲಿ ಪೇರಿಸುತ್ತಾರೆ. ಮಸುಕಾದ ಬಾಲ ಆಗ ಎದ್ದು ಕಾಣುತ್ತದೆ, ನಕ್ಷತ್ರಗಳು ಮಾತ್ರ ಗೆರೆಗಳಾಗುತ್ತವೆ. ಅಂಥ ಚಿತ್ರ ಕಂಡರೆ ಕೆಮರಾ ಅಲುಗಾಡಿತೆಂದು ತಿಳಿಯಬೇಡಿ.

ನಿಮ್ಮ ಮಗಳೂ ದೂರದರ್ಶಕ ಬೇಕೆಂದು ಹಟ ಹಿಡಿದರೆ ಮೊದಲೇ ಹಣ ಸುರಿಯಬೇಕಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವಿನ ಚಿತ್ರವನ್ನು ಬೆಂಗಳೂರಿನಲ್ಲೂ ಹಲವರು ತೆಗೆದಿದ್ದರು. ಪ್ರಖರ ಧೂಮಕೇತುವಿಗೆ ಸ್ಟ್ಯಾಂಡಿನ ಮೇಲೆ ಅಲುಗದಂತೆ ಕೂರಿಸಿದ ಸಾಧಾರಣ ಕೆಮರಾ ಸಾಕು. ಇಂಥವು ಹೆಚ್ಚಾಗಿ ಮುಸ್ಸಂಜೆ ಅಥವಾ ನಸುಕಿನಲ್ಲಿ, ಸೂರ್ಯನ ಆಸುಪಾಸಿನಲ್ಲೇ ಕಾಣುತ್ತವೆ. ಫಜ್ರ್‌ಗೆ ಏಳುವ ಮನೆಯವರಿಗೆ ಆ ಹೊತ್ತು ಹೊಸದಲ್ಲ. ಒಂದು ಮಾತ್ರ ನೆನಪಿರಲಿ: ದೂರದರ್ಶಕದಲ್ಲಿ ಸೂರ್ಯನ ಅಂಚು ಕಂಡರೂ ಕಣ್ಣು ಹೋದೀತು. ಸಂಜೆಯಾದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆ ಮುಚ್ಚಳ ತೆಗೆಯಲಿ; ನಸುಕಾದರೆ ಸೂರ್ಯೋದಯಕ್ಕೆ ಮೊದಲೇ ಹಾಕಿಬಿಡಲಿ.